ಪೆಡಲಿಗೆ ಕಟ್ಟಿದ ವಾಚು

ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ನೀವು ಏನು ಹೇಳಿದರೂ ಈಗ ನಂಬುವವಳಲ್ಲ ನಾನು. ಫೋನ್ ಮಾಡಿದರೆ ನಕ್ಕು ನನ್ನ ಬಾಯಿ ಮುಚ್ಚಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಅಂಗಡಿಗೆ ಬಂದಿದ್ದೆ. ಹೆಜ್ಜೆ ಎಣಿಸಲೆಂದು ನಾನು ಕೊಡಿಸಿದ ವಾಚನ್ನು ಹೊಲಿಗೆ ಮೆಷಿನ್ನಿನ ಪೆಡಲಿಗೆ ಕಟ್ಟಿದ್ದಿರಿ. ಪೆಡಲ್ ತುಳಿಯುತ್ತಿದ್ದವಳು ಅಮ್ಮ. ನೀವು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಿರಿ. “ಎಬ್ಬಿಸ್ಬೇಡ ಕಣೇ, ಇನ್ನೂ ಎರಡು ಸಾವಿರ ಹೆಜ್ಜೆ ಬಾಕಿ ಇದೆ” ಎಂದಳು ಅಮ್ಮ.

“ನಂದು ಹತ್ತು ಸಾವಿರ ಆಯ್ತು, ನಿಂದೆಷ್ಟಮ್ಮಾ?” ಎಂದು ದಿನಾ ಸಂಜೆ ಫೋನಿನಲ್ಲಿ ನನ್ನನ್ನು ಕೆಣಕುತ್ತಿದ್ದಿರಲ್ಲ, ನಾಚಿಕೆ ಆಗಲಿಲ್ಲವೇ? ಇಷ್ಟು ನಡೆದರೂ ಸಕ್ಕರೆ ಇಳಿದಿಲ್ಲವಲ್ಲ ಎಂದು ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ನಾಳೆಯೇ ಹೋಗಿ ಅವರಿಗೆ ನಿಜ ಹೇಳಿ. ಇಲ್ಲದಿದ್ದರೆ ನಾನು ಹೇಳುತ್ತೇನೆ.

ನಿಮ್ಮನ್ನು ಸೋಲಿಸಲೇಬೇಕೆಂದು ಹಟಕ್ಕೆ ಬಿದ್ದು ನಾಲ್ಕು ತಿಂಗಳಿಂದ ಆಫೀಸಿಗೆ ನಡೆದೇ ಹೋಗುತ್ತಿದ್ದೇನೆ. ಲಿಫ್ಟ್ ಹತ್ತುವುದನ್ನೇ ಬಿಟ್ಟೆ. ನೆಗಡಿ ಬಂದ ದಿನವೂ ಮನೆಯೊಳಗೇ ಸುತ್ತು ಹೊಡೆದೆ. ಆದರೂ ಒಂದು ದಿನವೂ ಗೆಲ್ಲಲಿಲ್ಲ. ಒಂದು ಹೊಲಿಗೆ ಮೆಷಿನ್ನಿನ ಜೊತೆ ಪಂದ್ಯಕ್ಕೆ ಬಿದ್ದಿದ್ದೆ ಎಂದು ಯಾರ ಮುಂದೆ ಹೇಳಿಕೊಳ್ಳಲಿ?

ಈ ಚೀಲದಲ್ಲಿ ನನ್ನ ಬಟ್ಟೆಗಳಿವೆ, ಹನ್ನೆರಡು ಜೊತೆ. ಎಲ್ಲವೂ ಸೊಂಟದ ಹತ್ತಿರ ದೊಗಳೆ ಆಗಿವೆ. ಎರಡೆರಡು ಇಂಚು ಹಿಡಿದು ಹೊಲಿಯಿರಿ. ನೀವೇ ಹೊಲಿಯಬೇಕು, ಅಮ್ಮನ ಕಾಲಿಗೆ ರಜೆ. ದಿನಕ್ಕೆ ಒಂದೇ ಜೊತೆ, ನಡೆದುಕೊಂಡೇ ತಂದುಕೊಡಿ. ಗಾಡಿಯಲ್ಲಿ ಬಂದರೆ ಬಾಗಿಲು ತೆಗೆಯುವುದಿಲ್ಲ.

ವಾಚು ಬೇಡ. ಕಿಟಕಿಯಲ್ಲಿ ನಿಂತು ನಾನೇ ಎಣಿಸುತ್ತೇನೆ.

ಇನ್ನೂ ಕೋಪ ಇಳಿಯದ,
ನಿಮ್ಮ ಮಗಳು