ಸಮುದ್ರವಿಲ್ಲದ ಊರಿನ ದೀಪದ ಬುರುಜು

ಅವ್ವಾ,

ಇದು ನಾಲ್ಕನೆಯ ಹಾಳೆ. ಮೂರನ್ನು ಹರಿದು ಹಾಕಿದೆ. ಕುಳಿತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಬೆಳಗಿನಿಂದ ಎರಡು ಸಲ ಕುಲಗೋಡದ ಬಸ್ ಸ್ಟ್ಯಾಂಡಿನವರೆಗೆ ಸುಮ್ಮನೆ ಹೋಗಿ ಬಂದೆ. ನಿನ್ನ ಸೊಸೆ ನೋಡಿ ನೋಡಿ ಸಾಕಾಗಿ, ಏನಾಗೈತಿ ನಿಮಗ, ಒಂದ್ಕಡೆ ಕುಂದರ್ರಿ ಅಂದಳು. ನಿನಗೆ ಹೇಳದೆ ಅವಳಿಗೆ ಹೇಗೆ ಹೇಳಲಿ?

ಆ ಭಾನುವಾರ ನೆನಪಿದೆಯಾ? ನಮ್ಮ ಶಾಲೆಯ ನಾಲ್ಕು ಮಂದಿ ಮಾಸ್ತರರು ಮನೆಗೆ ಬಂದಿದ್ದರು. ಕಾರವಾರದ ಕಡೆ ಹೋದಾಗ ಲೈಟ್‌ಹೌಸ್ ನೋಡಿ ಬಂದದ್ದನ್ನು ನಾನು ಜಂಬದಿಂದ ಹೇಳುತ್ತಿದ್ದೆ. ಚಹಾ ಕೊಡುತ್ತಿದ್ದ ನೀನು ಅಲ್ಲೇ ನಿಂತು, ನಮ್ಮಪ್ಪನೂ ಅಂಥಾ ದೀಪಾನ ಕಾಯತಿದ್ದ, ಘಟಪ್ರಭಾ ಹೊಳಿ ಒಡ್ಡಿನ ಮ್ಯಾಲ ಅಂದೆ. ಎಷ್ಟು ಖುಷಿಯಿಂದ ಅಂದಿದ್ದೆ! ನಾನು ಭೂಗೋಳದ ಮಾಸ್ತರ, ಸುಮ್ಮನಿರಲಾದೀತೆ?

"ಸಮುದ್ರ ಇಲ್ಲದಲ್ಲಿ ಲೈಟ್‌ಹೌಸ್ ಇರೂದಿಲ್ಲವ್ವಾ. ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಕಿ ನನಗ ಭೂಗೋಳ ಹೇಳಬ್ಯಾಡ."

ಎಲ್ಲರೂ ನಕ್ಕರು. ನೀನೂ ನಕ್ಕೆ, ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದೆ. ಆಮೇಲೆ ಆ ದೀಪದ ಮಾತು ನಿನ್ನ ಬಾಯಲ್ಲಿ ಬರಲೇ ಇಲ್ಲ.

ಬಂದದ್ದು ಕೊನೆಗೆ, ಗೋಕಾಕದ ದವಾಖಾನೆಯಲ್ಲಿ. ಜ್ವರ ಏರಿತ್ತು. ನನ್ನ ಕೈ ಎಳೆದು ಹತ್ತಿರ ಕರೆದು ಪಿಸುಗುಟ್ಟಿದೆ. "ದೀಪ ನಾ ಹಚ್ಚೂದು ಯಾರಿಗೂ ಹೇಳಬ್ಯಾಡೋ ತಮ್ಮಾ. ಸಾಹೇಬಗ ಗೊತ್ತಾದ್ರ ಅಪ್ಪನ ನೌಕರಿ ಹೋಗತೈತಿ." ಅಜ್ಜ ಹೋಗಿಯೇ ನಲವತ್ತು ವರ್ಷವಾಗಿತ್ತು. ಬಡಬಡಿಕೆ ಅಂದುಕೊಂಡು, ಆತು ಆತು, ಮಲಕೋ ಅಂದೆ. ಎರಡು ದಿನಕ್ಕೆ ನೀನು... ಆಗಲೂ ಒಂದು ಮಾತು ತಿರುಗಿಸಿ ಕೇಳಲಿಲ್ಲವಲ್ಲ ನಾನು!

ಮೊನ್ನೆ ಮಕ್ಕಳ ಪ್ರವಾಸಕ್ಕೆ ಜಾಗ ನೋಡಿ ಬರಲು ಒಡ್ಡಿನ ಹಿನ್ನೀರಿನ ಪಕ್ಷಿಧಾಮಕ್ಕೆ ಒಬ್ಬನೇ ಹೋಗಿದ್ದೆ. ಕಾವಲುಗಾರ ಕೊಕ್ಕರೆಗಳನ್ನು ತೋರಿಸುತ್ತಿದ್ದ. ನೀರಿನ ಅಂಚಿಗೆ, ಬಹಳ ದೂರದಲ್ಲಿ, ಜಾಲಿಗಿಡಗಳ ನಡುವೆ ಕಲ್ಲಿನದೇನೋ ಎದ್ದು ನಿಂತಿತ್ತು. ಏನದು ಅಂದೆ. ಬ್ರಿಟಿಷರ ಕಾಲದ ದೀಪದ ಬುರುಜು, ಈಗ ಅಲ್ಲಿಗೆ ಯಾರೂ ಹೋಗುವುದಿಲ್ಲ ಅಂದ.  ಅವನನ್ನು ಅಲ್ಲೇ ಬಿಟ್ಟು ಎದ್ದುಬಿದ್ದು ನಡೆದೆ. ಮುಳ್ಳು, ಕೆಸರು. ಒಂದು ಚಪ್ಪಲಿ ಹೂತೇ ಹೋಯಿತು. ಒಳಗೆ ಇಕ್ಕಟ್ಟಿನ ಮೆಟ್ಟಿಲು, ಮೇಲೆ ಹೊಳೆಯ ಕಡೆಗೆ ಮಸಿ ಹಿಡಿದ, ದೀಪ ಇಡುವ ಒಂದು ದೊಡ್ಡ ಗೂಡು. ಅದರೊಳಗೆ ಕೈಯಿಟ್ಟು ಅತ್ತೆ. ಅವತ್ತು ಹೌದವ್ವಾ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಅಷ್ಟಕ್ಕೆ ಮನಸ್ಸು ನಿಲ್ಲಲಿಲ್ಲ. ನೀನು ಏಕೆ ಹಚ್ಚುತ್ತಿದ್ದೆ? ಯಾರಿಗೆ ಗೊತ್ತಾಗಬಾರದಿತ್ತು? ಆಚೆ ದಂಡೆಯಲ್ಲಿ ಹಿಂದೆ ತೆಪ್ಪ ನಡೆಸುತ್ತಿದ್ದವನ ಮಗಳು ಇದ್ದಾಳೆ, ಅವಳನ್ನು ಕೇಳಿ ಎಂದು, ತಿರುಗಿ ಬಂದಾಗ ಕಾವಲುಗಾರ ಹೇಳಿದ. ಒಂದೇ ಚಪ್ಪಲಿಯಲ್ಲಿ ಸೇತುವೆ ಸುತ್ತಿ ಹೋದೆ. ನಿನ್ನ ವಾರಿಗೆಯ ಮುದುಕಿ, ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ದೀಪ ಕಾಯುತ್ತಿದ್ದವರ ಮೊಮ್ಮಗ ಅಂದೆ. ಮೊರ ಬದಿಗೆ ಸರಿಸಿ ನನ್ನ ಮುಖವನ್ನೇ ನೋಡಿದಳು.

ಬಿಳಿ ಗಾಜಿನ ದೀಪ ಕಂಡರೆ ತೆಪ್ಪ ಬಿಡಬಹುದು, ಕೆಂಪು ಕಂಡರೆ ಒಡ್ಡಿನಿಂದ ನೀರು ಬರುತ್ತದೆ, ಇಳಿಯಬಾರದು ಎಂದಿತ್ತಂತೆ. ಒಂದು ಸಂಜೆ ಅಜ್ಜ ಕೆಂಪಿನ ಬದಲು ಬಿಳಿ ಗಾಜು ಹಾಕಿಬಿಟ್ಟರು. ಕಣ್ಣಿಗೆ ಪೊರೆ ಬಂದು ಬಣ್ಣವೇ ತಿಳಿಯುತ್ತಿರಲಿಲ್ಲ. ಹೊಳೆಯ ನಡುವೆ ಇದ್ದ ಮಂದಿ ಸ್ವಲ್ಪದರಲ್ಲಿ ಉಳಿದರು. ಅಲ್ಲಿಂದ ಮುಂದೆ ಗಾಜು ಎಂದೂ ತಪ್ಪಲಿಲ್ಲ. ಆದರೆ ಒಂದು ದಿನ ಬೆಳಕು ಮಂಕಾಗಿ ಕಂಡಿತು. ಮರುದಿನ ತೆಪ್ಪದವನು ಏನಾಗಿದೆ ನೋಡೋಣವೆಂದು ಬುರುಜು ಹತ್ತಿದ. ಗಾಜಿನ ಮೇಲೆ ವಿಭೂತಿ! ಲಿಂಗಪೂಜೆ ಮಾಡುವ ಮನೆಯ ಹುಡುಗಿ, ದೀಪ ಹಚ್ಚುವ ಮುಂಚೆ ಗಾಜಿಗೂ ಮೂರು ಬೆರಳು ಎಳೆದಿದ್ದೆ ನೀನು. ಆ ಗೆರೆಗಳು ದೊಡ್ಡವರ ಬೆರಳಿನವಾಗಿರಲಿಲ್ಲ. ಅವನಿಗೆ ಎಲ್ಲ ತಿಳಿಯಿತು. ಧೋತರದ ತುದಿಯಿಂದ ಗಾಜು ಒರೆಸಿ, ಅಜ್ಜನಿಗೆ ಹೇಳದೆ ಇಳಿದು ಹೋದ.

ನಿನಗಾಗ ಒಂಬತ್ತೋ ಹತ್ತೋ. ನಾಲ್ಕನೇ ಇಯತ್ತೆ. ಹಗಲೆಲ್ಲ ಒಡ್ಡಿನ ಮೇಲೆ ಅಜ್ಜನಿಗೆ ಕಣ್ಣಾಗಿ ತಿರುಗಲು ಶಾಲೆ ಬಿಟ್ಟೆ, ಅಲ್ಲವಾ? ಅದನ್ನೇ ಹಿಡಿದು ನಾನು ಜನರೆದುರು ನಿನ್ನನ್ನು ಹಂಗಿಸಿದೆ. ಆ ನಾಲ್ವರು ಮಾಸ್ತರರೂ ಈಗಲೂ ನನ್ನ ಜೊತೆಗೇ ಇದ್ದಾರೆ. ನಾಳೆ ಅವರೆದುರು ನಿಂತು, ತಪ್ಪು ನನ್ನದು ಎಂದು ಇದೆಲ್ಲವನ್ನೂ ಹೇಳುತ್ತೇನೆ. ಬೇಡ ಅನ್ನಬೇಡ.

ಮುದುಕಿ ಇನ್ನೊಂದು ಮಾತು ಹೇಳಿದಳು. ಅದಕ್ಕೇ ಈ ಕಾಗದ. ಅಜ್ಜನಿಗೆ ಕಣ್ಣು ಕಾಣುವುದಿಲ್ಲವೆಂದು ಒಡ್ಡಿನ ಕಡೆಯವರು ಯಾರೋ ಚಾಡಿ ಹೇಳಿ, ಸಾಹೇಬ ಆಚೆ ದಂಡೆಗೆ ವಿಚಾರಣೆಗೆ ಬಂದಿದ್ದನಂತೆ.

"ದೀಪದ ಕಾಕಾನ ಕಣ್ಣ ಚಲೋ ಅದಾವ್ರಿ ಅಂದ ನಮ್ಮಪ್ಪ. ಹುಡುಗಿ ಹಚ್ಚತಾಳಂತ ಊರಿಗೆಲ್ಲ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ."

ಇಷ್ಟು ವರ್ಷ ಹೆದರಿ, ಹೆದರಿಕೊಂಡೇ ಹೋದೆಯಲ್ಲ ಅವ್ವಾ. ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ, ನೀನು ಬಿಳಿ ಗಾಜು ಹಾಕಿದ ಸಂಜೆಗಳಲ್ಲಿ ಹೆಂಡಿರು ಮಕ್ಕಳನ್ನು ತೆಪ್ಪದಲ್ಲಿ ಕೂಡಿಸಿಕೊಂಡು ಹೊಳೆಗೆ ಇಳಿಯುತ್ತಿದ್ದರು.