ಪೆಟ್ಟಿಗೆಗೆ ಬಿದ್ದ ಚೀಟಿ

ಮಾರ್ಚ್ 7, ಮಂಗಳವಾರ

ಬೆಳಗಿನ ಪಾಳಿ ಮುಗಿಸಿ ಬಂದೆ. ಕಿವಿಯಲ್ಲಿ ಇನ್ನೂ ಗಣಿಯ ಸಾಗಣೆ ಬೆಲ್ಟಿನ ಸದ್ದು. ಸೀನಿದರೆ ಕಲ್ಲಿದ್ದಲ ಪುಡಿ. ಎಂಟು ತಿಂಗಳ ಕಾಂಟ್ರಾಕ್ಟು, 31ಕ್ಕೆ ಮುಗಿಯುತ್ತದೆ. ಈ ಸಲ ಮುಂದುವರಿಸುವುದಿಲ್ಲ. ಗಣಿಯನ್ನೇ ಮುಚ್ಚುತ್ತಿದ್ದಾರೆ.

ಮನೆಯಲ್ಲಿ ಲಾಂಬಿ ಮಾವ ಕೂತಿದ್ದ. ಅಮ್ಮನ ಅಣ್ಣ. ನಲವತ್ತು ವರ್ಷದಿಂದ ಪಕ್ಷದ ಮೆಂಬರು. ಹೋದ ತಿಂಗಳು ನನ್ನನ್ನೂ ಮೆಂಬರು ಮಾಡಿಸಿದ್ದಾನೆ.

"ಅನೆಸ್ತಿ, ಭಾನುವಾರ ಖಾಲಿ ಇಟ್ಕೋ. ಪಕ್ಷದ ಅಧ್ಯಕ್ಷರಾಗ್ಬೇಕು ಅಂತ ನಿಂತಿರೋ ಐದೂ ಜನ ನಮ್ಮೂರಿಗೆ ಬರ್ತಾರೆ. ಒಂದೇ ವೇದಿಕೆ."

"ನನಗೇನು ಮಾವ ಅಲ್ಲಿ?"

"ನಿನಗೇ ಎಲ್ಲಾ ಇರೋದು ಅಲ್ಲಿ, ಕತ್ತೆ. ವರ್ದಾಕಾಸ್ ಬರ್ತಾನೆ. ಮಂತ್ರಿ ಆಗಿದ್ದಾಗ ಇದೇ ಕುರ್ಚೀಲಿ ಕೂತು ನಿಮ್ಮಮ್ಮನ ಕೈಯ ಕಾಫಿ ಕುಡಿದಿದ್ದಾನೆ. ನೀರಿನ ಕಂಪನೀಲಿ ಒಂದು ಜಾಗ ಇದೆ. ಪರ್ಮನೆಂಟು."

ಅಮ್ಮ ಬೀನ್ಸ್ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ಶಿಲುಬೆ ಗುರುತು ಹಾಕಿಕೊಂಡಳು.

ಮಾರ್ಚ್ 11, ಶನಿವಾರ

ಸಭಿಕರೂ ಪ್ರಶ್ನೆ ಕೇಳಬಹುದಂತೆ. ಚೀಟಿಯಲ್ಲಿ ಬರೆದು ಬಾಗಿಲಲ್ಲಿರುವ ಪೆಟ್ಟಿಗೆಗೆ ಹಾಕಬೇಕು. ಲಾಟರಿ ಎತ್ತುತ್ತಾರೆ. ಹೆಸರು ಬೇಡ.

ನಾನೂ ಬರೆದೆ. ಮೂರು ಸಲ ಹರಿದು ನಾಲ್ಕನೆಯದು — "ಗಣಿಗಾಗಿ ನಮ್ಮ ಹಳೆಯ ಊರನ್ನೇ ಒಕ್ಕಲೆಬ್ಬಿಸಿದಿರಿ. ಈಗ ಗಣಿ ಮುಚ್ಚುತ್ತೀರಿ. ಆ ಭೂಮಿ ಯಾರಿಗೆ?" ಹತ್ತನೇ ಕ್ಲಾಸಿಗೆ ಬಿಟ್ಟವನು ಬರೆದದ್ದು. ಎರಡು ತಪ್ಪು ಇದ್ದಾವು. ಆದರೂ ಓದಿದಾಗ ಮೈ ಜುಮ್ ಅಂತು.

ಮಾವ ನನ್ನ ನೋಟ್‌ಬುಕ್ಕಿಂದಲೇ ಇನ್ನೊಂದು ಹಾಳೆ ಕಿತ್ತ. ಬರೆದ. ನಾಲ್ಕು ಮಡಿಕೆ ಮಾಡಿ ಕೊಟ್ಟ.

"ಇದು ಅವನಿಗೆ. ಕೈ ಕುಲುಕುವಾಗ ಅಂಗೈಲಿ ಇಡ್ಬೇಕು. ಮಾತಿಲ್ಲ. ನಗು ಅಷ್ಟೆ. ಅವನಿಗೆ ಅರ್ಥ ಆಗತ್ತೆ."

"ನೀವೇ ಕೊಡಿ ಮಾವ."

"ಕೆಲಸ ಯಾರಿಗೆ, ನನಗಾ? ಮುಖ ನೋಡ್ಲಿ ನಿಂದು. ಗಡ್ಡ ಕೆರ್ಕೊಂಡು ಬಾ."

ಮಾರ್ಚ್ 12, ಭಾನುವಾರ. ಸಂಜೆ 5

ಹೇಗೆ ಬರೆಯೋದು ಇದನ್ನು...

ಕಾರ್ಮಿಕರ ಸಂಘದ ಹಾಲ್. ಭರ್ತಿ. ಬಾಗಿಲಲ್ಲಿ ಪೆಟ್ಟಿಗೆ ಹಿಡಿದ ಹುಡುಗಿ — "ಬೇಗ ಬೇಗ, ಮುಚ್ತಾ ಇದೀವಿ." ಹಿಂದಿನಿಂದ ನೂಕು. ಜೇಬಿಗೆ ಕೈ ಹಾಕಿದೆ, ಸಿಕ್ಕಿದ್ದನ್ನು ಹಾಕಿದೆ. ಅಷ್ಟರಲ್ಲೇ ವರ್ದಾಕಾಸ್ ಸಾಲಿನುದ್ದಕ್ಕೂ ಕೈ ಕುಲುಕುತ್ತ ಬಂದ. ಇನ್ನೊಂದನ್ನು ಅಂಗೈಯಲ್ಲಿಟ್ಟೆ. ನಕ್ಕೆ. ಎಷ್ಟು ಅಭ್ಯಾಸ ಅವನಿಗೆ! ಚೀಟಿ ಮಾಯವಾದದ್ದು ನನಗೇ ಕಾಣಲಿಲ್ಲ.

ಒಂದು ಗಂಟೆ ಭಾಷಣ. ನಾಲ್ವರು ಗಂಡಸರು, ಒಬ್ಬ ಹೆಂಗಸು, ಐದೂ ಜನರದ್ದು ಒಂದೇ — ಹೊಸ ಗಾಳಿ, ಹೊಸ ಪಕ್ಷ, ಶಿಫಾರಸ್ಸಿನ ರಾಜಕೀಯ ಸತ್ತಿತು. ವರ್ದಾಕಾಸನದೇ ಎಲ್ಲಕ್ಕಿಂತ ಜೋರು ದನಿ. ಮಾವ ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದ.

ಆಮೇಲೆ ಲಾಟರಿ. ಪ್ರಶ್ನೆ ಓದುತ್ತಿದ್ದ ಟಿ.ವಿ. ಹೆಂಗಸು ಮೂರನೇ ಚೀಟಿ ಬಿಚ್ಚಿದಳು. ಶುರು ಮಾಡಿದಳು — "ಪ್ರೀತಿಯ ಮಂತ್ರಿಗಳೇ, ನನ್ನ ತಂಗಿಯ ಮಗ ಒಳ್ಳೆಯ ಹುಡುಗ. ನೀರಿನ ಕಂಪನಿಯಲ್ಲಿ ಆ ಜಾಗ. ನಮ್ಮ ಮನೆತನದಲ್ಲಿ ಹನ್ನೊಂದು ಓಟು..."

ನಿಲ್ಲಿಸಿದಳು. ಇಡೀ ಹಾಲ್ ನಕ್ಕಿತು.

"ಹನ್ನೊಂದೇನಾ? ನಮ್ಮಲ್ಲಿ ಹದಿನಾಲ್ಕಿದೆ!" ಹಿಂದಿನಿಂದ ಯಾರೋ ಕೂಗಿದ.

"ಇದು ಯಾರ ಚೀಟಿ?" ಅಂದಳು ಆಕೆ. ಕ್ಯಾಮೆರಾ ಜನರತ್ತ ತಿರುಗಿತು.

ನಾನು ಏಳಬೇಕಿತ್ತು. ಏಳಲಿಲ್ಲ. ಇಷ್ಟೇ ನಿಜ.

ಮಾವ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. "ನಂದು. ನಾನೇ ಬರೆದಿದ್ದು. ಪೆಟ್ಟಿಗೆ ತಪ್ಪಾಯ್ತು."

ಮತ್ತೆ ನಗು. ವರ್ದಾಕಾಸ್ ನಗಲಿಲ್ಲ. ಮೈಕ್ ಎಳೆದುಕೊಂಡ. "ಈ ಹಿರಿಯರನ್ನ ನಾನು ಬಲ್ಲವನಲ್ಲ. ಆದರೆ ಈ ರೋಗ ಬಲ್ಲೆ. ನಾನು ಬಂದ್ರೆ ಇಂಥ ಚೀಟಿಗಳು ಕಸದ ಬುಟ್ಟಿಗೆ." ಚಪ್ಪಾಳೆ.

ಮಾವ ನಿಂತೇ ಇದ್ದ. ಕೂರುವುದು ಮರೆತವನ ಹಾಗೆ. ತೋಳು ಹಿಡಿದು ಕೂರಿಸಿದೆ. ತೋಳು ಇಷ್ಟು ತೆಳ್ಳಗಾಗಿದೆ ಅಂತ ಗೊತ್ತಿರಲಿಲ್ಲ.

ಆಮೇಲೆ ವೇದಿಕೆ ನೋಡಿದೆ. ವರ್ದಾಕಾಸ್ ಮೇಜಿನ ಕೆಳಗೆ ನನ್ನ ಚೀಟಿ ಬಿಚ್ಚುತ್ತಿದ್ದ. ಓದಿದ. ಹುಬ್ಬು ಗಂಟಿಕ್ಕಿತು. ಮಡಚಿ ಜೇಬಿಗೆ ಹಾಕಿಕೊಂಡ. ಭೂಮಿಯ ಮಾತು ಆಮೇಲೂ ಯಾರೂ ಎತ್ತಲಿಲ್ಲ.

ಹೊರಗೆ ಬಂದಾಗ ಸಿಗರೇಟು ಹಚ್ಚುತ್ತಿದ್ದ ಒಬ್ಬ ಮುದುಕಿ ಮಾವನಿಗೆ ಅಂದಳು, "ತಲೆ ತಗ್ಗಿಸ್ಬೇಡ ಕಣಯ್ಯ. ನಕ್ಕೋರ ಜೇಬು ತಡಕಿದ್ರೆ ಎಲ್ಲರ ಹತ್ರಾನೂ ಒಂದೊಂದು ಚೀಟಿ ಸಿಗತ್ತೆ. ನಂದೂ ಇದೆ."

ಮಾವ ನಗಲಿಲ್ಲ. ದಾರಿಯುದ್ದಕ್ಕೂ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಾರ್ಚ್ 17, ಶುಕ್ರವಾರ

ಐದು ದಿನ ಮಾವ ಕಾಫಿ ಅಂಗಡಿಗೆ ಹೋಗಿಲ್ಲ. ಅಲ್ಲಿ ಅವನಿಗೆ "ಹನ್ನೊಂದು ಓಟು" ಅಂತ ಹೆಸರಿಟ್ಟಿದ್ದಾರೆ. ಟಿ.ವಿ.ಯಲ್ಲೂ ಬಂತು.

ಇವತ್ತು ಓಡಿ ಬಂದ. ಮುಖ ಬೆಳಗುತ್ತಿತ್ತು.

"ಫೋನ್ ಬಂತು! ವರ್ದಾಕಾಸನ ಸೆಕ್ರೆಟರಿ. ಸೋಮವಾರ ಏಳು ಗಂಟೆಗೆ ನೀರಿನ ಕಂಪನಿಗೆ ಹೋಗ್ಬೇಕಂತೆ. ಕ್ಯಾಮೆರಾ ಇತ್ತು, ಹಾಗನ್ನಲೇ ಬೇಕಿತ್ತು, ಲಾಂಬಿ ಬೇಜಾರು ಮಾಡ್ಕೋಬಾರ್ದು ಅಂದನಂತೆ. ಲಾಂಬಿ ಅಂದ, ಅನೆಸ್ತಿ! ಹೆಸರು ಮರೆತಿಲ್ಲ."

ಅಮ್ಮ ಅಳುತ್ತ ಇಬ್ಬರಿಗೂ ಮುತ್ತಿಟ್ಟಳು.

"ನಿಮ್ಮನ್ನ ಗೊತ್ತಿಲ್ಲ ಅಂದನಲ್ಲ ಮಾವ, ಅಷ್ಟು ಜನರ ಎದುರಿಗೆ."

ಮಾವ ಲೋಟ ನೋಡಿದ. "ಅಂದ," ಅಂದ. ಲೋಟ ಕೆಳಗಿಟ್ಟು, "ಭಾನುವಾರ ಓಟು. ಮಾತು ಕೊಟ್ಟಿದೀನಿ. ಹನ್ನೊಂದು."

ಕೆಲಸ ಬೇಡ ಅನ್ನಬೇಕು ಅನಿಸಿತು. ಅನ್ನಲಿಲ್ಲ. ಅವನ ಅವಮಾನದ ಬೆಲೆ ಅದು. ನಾನು ಒದ್ದರೆ ಅವನು ಎದ್ದು ನಿಂತದ್ದೂ ವ್ಯರ್ಥ. ತೆಗೆದುಕೊಂಡರೆ... ಗೊತ್ತಿಲ್ಲ. ಬೆಲ್ಟಿನ ಪಕ್ಕ ನಿಂತು ಇದನ್ನೇ ಯೋಚಿಸಿದೆ. ಫೋರ್‌ಮನ್ ಎರಡು ಸಲ ಕೂಗಿದನಂತೆ. ಕೇಳಿಸಲಿಲ್ಲ.

ಮಾರ್ಚ್ 19, ಭಾನುವಾರ. ಮಧ್ಯಾಹ್ನ

ಪ್ರಾರ್ಥನೆ ಮುಗಿಸಿ ಓಟಿಗೆ ಹೋದೆವು. ಮಾವ ಹಬ್ಬದ ಕೋಟು. ನಾನು ಮೊದಲು ಪರದೆಯ ಹಿಂದೆ ಹೋದೆ. ಐದು ಹೆಸರು. ಐವರಲ್ಲಿದ್ದ ಆ ಒಬ್ಬ ಹೆಂಗಸಿಗೆ ಹಾಕಬೇಕು ಅಂತ ರಾತ್ರಿಯೇ ತೀರ್ಮಾನ ಮಾಡಿದ್ದೆ. ಅಂದು ವೇದಿಕೆಯಲ್ಲಿ ಮಾವನನ್ನು ನೋಡಿ ನಗದೆ, ಬೈಯದೆ ಕೂತಿದ್ದವಳು ಅವಳೊಬ್ಬಳೇ. ಪೆನ್ನು ಎತ್ತಿದೆ. ಮಾವ ಗುಂಡಿ ಹಾಕಿಕೊಂಡದ್ದು ಕಣ್ಣಿಗೆ ಬಂತು. ಅವನು ಕೊಟ್ಟ ಮಾತು ನನ್ನಿಂದ ಸುಳ್ಳಾಗಬಾರದು ಅನಿಸಿತು. ವರ್ದಾಕಾಸ್‌ಗೆ ಹಾಕಿದೆ.

ಆಮೇಲೆ ಮಾವ ಹೋದ. ಬಹಳ ಹೊತ್ತು ಬರಲಿಲ್ಲ. ಸಾಲಿನವರು ಗೊಣಗಿದರು. "ಏನು ಲಾಂಬಿ, ಹನ್ನೊಂದೂ ನೀನೇ ಹಾಕ್ತಿದೀಯಾ?"

ಬಂದ. ಬೀದಿ ತಿರುವಿನವರೆಗೆ ನಡೆದ. ಆಮೇಲೆ ನನ್ನ ಕಡೆ ನೋಡದೆ ಅಂದ —

"ಖಾಲಿ ಚೀಟಿ ಹಾಕಿದೆ. ನಲವತ್ತು ವರ್ಷದಲ್ಲಿ ಮೊದಲ್ನೇ ಸಲ. ಕೈ ಬರಲಿಲ್ಲ ಕಣೋ. ನಿಮ್ಮಮ್ಮಂಗೆ ಹೇಳ್ಬೇಡ. ನೀನು ನಾಳೆ ಕೆಲಸಕ್ಕೆ ಹೋಗು."

ಮುಖ ತೊಳೆದು ಬಂದವನ ಹಾಗಿದ್ದ. ಕಾಫಿ ಅಂಗಡಿಯ ಕಡೆ ಹೊರಟ, ಏಳು ದಿನದ ಮೇಲೆ.

ನನ್ನ ಓಟು ಯಾರಿಗೆ ಅಂತ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳಬೇಕಾಗುತ್ತಿತ್ತು.