ನನ್ನ ಹೆಂಡತಿಯ ಕಿವಿಯೊಳಗಿನ ಬೀಗ

ಡಿಜಿಟಲ್ ಬೀಗ ತೆರೆಯಲು ವಿನಾಯಿತಿ ಕೊಡುವ ಮಾನ್ಯ ಅಧಿಕಾರಿಗಳೇ,

ಹೆಂಡತಿಯ ಕಿವಿಗೆ ಕೈ ಹಾಕಿದ್ದಕ್ಕೆ ನಾನು ಕಳ್ಳನಾಗಿದ್ದೇನೆ. ಹಾಗೆಂದು ಅವಳ ಶ್ರವಣಯಂತ್ರದ ಕಂಪನಿಯ ವಕೀಲರು ಬರೆದಿದ್ದಾರೆ. ಶುಕ್ರವಾರದೊಳಗೆ ಹಳೆಯ ತಂತ್ರಾಂಶವನ್ನೇ ವಾಪಸ್ ಹಾಕಬೇಕಂತೆ, ಇಲ್ಲವಾದರೆ ಕೋರ್ಟು.

ನನ್ನ ಹೆಂಡತಿ ಸೋಲ್ವೆಗ್ ಇಲ್ಲಿ ಡುಲೂತ್ ಊರಿನ ನಮ್ಮ ಚರ್ಚಿನಲ್ಲಿ, ಕೈಯಲ್ಲಿ ಗಂಟೆ ಹಿಡಿದು ಹಾಡು ನುಡಿಸುವ ಕೈಗಂಟೆ ಮೇಳದಲ್ಲಿ ನಲವತ್ತು ವರ್ಷದಿಂದ ಇದ್ದಾಳೆ. ಹೊಸ ಯಂತ್ರ ಕಿವಿಗೇರಿದ ದಿನವೇ ಅವಳ ಪಾಲಿಗೆ ಗಂಟೆಗಳು ಮೂಕವಾದವು. "ಬಾರಿಸ್ತಿದೀನೋ, ಸುಮ್ನೆ ಗಾಳಿ ಬೀಸ್ತಿದೀನೋ, ನಂಗೇ ಗೊತ್ತಾಗ್ತಿಲ್ಲ ಮಾರಾಯ" ಎಂದು ಅತ್ತಳು. ಕಂಪನಿಗೆ ಐದು ಸಲ ಫೋನ್ ಮಾಡಿದೆ. "ಮಾತು ಕೇಳಿಸ್ತಿದೆಯಲ್ಲ ಸಾರ್, ಮತ್ತೇನು?" ಎಂದರು. ಸೋಲ್ವೆಗ್ ನನ್ನತ್ತ ತಿರುಗಿ, "ಮೂವತ್ತು ವರ್ಷ ಪ್ರೋಗ್ರಾಂ ಬರ್ದೆ ಅಂತ ಕೊಚ್ಕೋತೀಯಲ್ಲ, ಬಿಚ್ಚಿ ನೋಡು!" ಎಂದಳು. ಕಂಪನಿ ತಂತ್ರಾಂಶಕ್ಕೆ ಹಾಕಿದ್ದ ಗೂಢಲಿಪಿಯ ಬೀಗ ಬಿಡಿಸಿ ನೋಡಿದೆ. ಗಂಟೆಯ ನಾದದಂತೆ ಒಂದೇ ಸಮನೆ ಮೊಳಗುವ ಸ್ವರವನ್ನೆಲ್ಲ ತಂತ್ರಾಂಶವು ಯಂತ್ರದ್ದೇ ಶಿಳ್ಳೆಯೆಂದು ತಿಳಿದು ಅಡಗಿಸುತ್ತಿತ್ತು. ಒಂದು ಸಾಲು ಬದಲಿಸಿದೆ. "ಕೇಳಿಸ್ತು ಕಣೋ! ನೀನು ಗೊಣಗೋದೂ ಕೇಳಿಸ್ತಿದೆ, ಜೋಪಾನ" ಎಂದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ನಿಮಗೆ ಈ ಪತ್ರ ಬರುತ್ತಿರಲಿಲ್ಲ. ಆದರೆ ನಮ್ಮ ಕಸುಬಿನವರಿಗೊಂದು ಚಟ. ತಪ್ಪು ಕಂಡರೆ ಬರೆದವರಿಗೆ ತಿಳಿಸದೆ ಊಟ ಸೇರುವುದಿಲ್ಲ. ಬೀಗ ತೆರೆದ ಬಗೆ, ಕೆಟ್ಟ ಸಾಲು, ನನ್ನ ಹೆಸರು, ಮನೆ ವಿಳಾಸ ಎಲ್ಲವನ್ನೂ ಕಂಪನಿಗೆ ಬರೆದು ಕಳಿಸಿದೆ. ತನ್ನ ಮೇಲಿನ ದೂರನ್ನು ಇಷ್ಟು ಅಚ್ಚುಕಟ್ಟಾಗಿ ತಾನೇ ಬರೆದುಕೊಟ್ಟ ಕಳ್ಳನನ್ನು ನೀವು ಕಂಡಿದ್ದೀರಾ?

ಬೇರೆಯವರ ಕೋಡ್ ಬಿಚ್ಚುವುದು ಸರಿಯೇ ಎಂದು ಕೇಳುತ್ತೀರಿ. ನನಗೂ ಮುಜುಗರವಾಯಿತು, ಅದು ಯಾರೋ ಬೆವರು ಸುರಿಸಿದ ಕೆಲಸ. ನಾನು ನಕಲು ಮಾಡಲಿಲ್ಲ, ಮಾರಲಿಲ್ಲ. "ಪೂರ್ತಿ ಕೋಡ್ ಕೊಡಿ, ನಾವೇ ಅಗ್ಗದ ಯಂತ್ರ ಮಾಡ್ತೀವಿ" ಎಂದು ಬಂದ ವ್ಯಾಪಾರಿಯೊಬ್ಬನಿಗೆ ಬಾಗಿಲು ತೋರಿಸಿದೆ. ಆ ಕೆಟ್ಟ ಸಾಲು ಬರೆದ ಕಂಪನಿಯ ಪ್ರೋಗ್ರಾಮರೇ ಫೋನ್ ಮಾಡಿ, "ಅಯ್ಯೋ, ತಪ್ಪು ನನ್ನದೇ ಸಾರ್, ಥ್ಯಾಂಕ್ಸ್. ನನ್ನ ಹೆಸರು ಮಾತ್ರ ಎಲ್ಲೂ ಹೇಳ್ಬೇಡಿ" ಎಂದರು. ಹೇಳುವುದಿಲ್ಲ. ಆದರೆ ಬರೆದವರೇ ಏನೂ ಕಳೆದುಕೊಂಡಿಲ್ಲವೆಂದರೆ ನಾನು ಕದ್ದದ್ದು ಯಾರದ್ದು?

ಇಂಥ ಬೀಗ ತೆರೆಯಲು ಕಾನೂನಿನಿಂದ ವಿನಾಯಿತಿ ಕೇಳುವ ಅರ್ಜಿಗಳನ್ನು ತಾವು ಮೂರು ವರ್ಷಕ್ಕೊಮ್ಮೆ ಪರಿಶೀಲಿಸುತ್ತೀರಿ. ಮುಂದಿನ ಸರದಿಗೆ ಇನ್ನೂ ಎರಡು ವರ್ಷವಿದೆ. ಸೋಲ್ವೆಗ್‌ಗೆ ಈಗ ಎಪ್ಪತ್ತೆಂಟು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಕೊಂಡವರು ತಮ್ಮ ಕಿವಿಯ ಯಂತ್ರವನ್ನು ರಿಪೇರಿಗಾಗಿ ಬಿಚ್ಚಲು ಅನುಮತಿ ಕೊಡಿ, ಈ ವಾರವೇ. ಆಗದಿದ್ದರೆ ಗುರುವಾರ ಸಂಜೆ ಮೇಳದ ಅಭ್ಯಾಸಕ್ಕೆ ಬನ್ನಿ. ಮೊದಲ ಹಾಡು ಮುಗಿದಾಗ ಅವಳ ಕಿವಿಯಿಂದ ಯಂತ್ರವನ್ನು ತಾವೇ ತೆಗೆಯಿರಿ. ಏಕೆ ತೆಗೆದಿರೆಂದು ಅವಳಿಗೆ ವಿವರಿಸಿ. ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಇಂತಿ,
ಹೆಂಡತಿಯ ಮಾತು ಕೇಳಿ ಕೆಟ್ಟ,
ಆರಿನ್ ಟ್ವೇಟ್